ಗೊತ್ತಿಲ್ಲದ ಕೈಗಳ ಗುರುತು ಹುಡುಕುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ, ಕಬ್ಬಿಣದ ಮೇಜಿನ ಮೇಲೆ, ಎಂಬತ್ತು ಕಿಲೋ ತೂಗುವ ಗೇರ್‌ಬಾಕ್ಸೊಂದು ಅಂಗಾತ ಮಲಗಿದೆ. ಐವತ್ನಾಲ್ಕು ವರ್ಷದ ಹೆಂಗಸೊಬ್ಬರು ಅದರ ಹೊಟ್ಟೆಯ ಬೋಲ್ಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾರೆ. ಸ್ಪ್ಯಾನರ್ ಇನ್ನೂ ಕೈಗೆತ್ತಿಕೊಂಡಿಲ್ಲ. ಬಟ್ಟೆಯಿಂದ ಒರೆಸುತ್ತಾರೆ, ಮುಟ್ಟುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಹನ್ನೆರಡನೆಯದಕ್ಕೆ ಬಂದಾಗ ಬೆರಳು ನಿಲ್ಲುತ್ತದೆ. ಉಳಿದ ಎಂಟನ್ನೂ ಮುಟ್ಟಿ ಮತ್ತೆ ಅಲ್ಲಿಗೇ ಮರಳುತ್ತದೆ.

“ಇಪ್ಪತ್ತು ಬೋಲ್ಟಲ್ಲಿ ಹತ್ತೊಂಬತ್ತು ಒಂದೇ ತಾಯಿ ಮಕ್ಕಳು. ಇದೊಂದು ಬೇರೆ ಮನೇದು,” ಎನ್ನುತ್ತಾರೆ. “ಅಂದರೆ ಒಳಗೆ ಯಾರೋ ಕೈ ಹಾಕಿದಾರೆ.”

ಪಕ್ಕದಲ್ಲಿ ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದ ವ್ಯಾನ್ ಚಾಲಕ ನಿಟ್ಟುಸಿರು ಬಿಡುತ್ತಾನೆ. ಅವನು ಕೇಳಲು ಬಯಸಿದ್ದು ಈ ಮಾತಲ್ಲ. “ಅಕ್ಕಾ, ಗುಜರಿಯವನು ಆಣೆ ಮಾಡಿ ಹೇಳಿದಾನೆ. ಇದನ್ನ ಯಾರೂ ಬಿಚ್ಚಿಲ್ಲ ಅಂತ.”

“ಗುಜರಿಯವನು ಯಾರೂ ಬಿಚ್ಚಿಲ್ಲ ಅನ್ನೋದೂ ಒಂದೇ, ಮದುವೆ ದಲ್ಲಾಳಿ ಹುಡುಗ ಮುತ್ತಿನಂಥವನು ಅನ್ನೋದೂ ಒಂದೇ. ಇಬ್ಬರೂ ಒಳಗೆ ಇಣುಕಿ ನೋಡಿರೋದಿಲ್ಲ.”

ಚಾಲಕ ನಗುವುದಿಲ್ಲ. ಅವನ ಕಷ್ಟ ಅವನಿಗೆ. ಅವನ ವ್ಯಾನು ವಾರಕ್ಕೆ ಮೂರು ಸಲ ಹನ್ನೊಂದು ಮಂದಿ ಕಿಡ್ನಿ ರೋಗಿಗಳನ್ನು ರಕ್ತ ಶುದ್ಧಿಗೆಂದು ಆಸ್ಪತ್ರೆಗೆ ಒಯ್ಯುತ್ತದೆ. ಐದು ದಿನದ ಹಿಂದೆ ನಡುರಸ್ತೆಯಲ್ಲಿ ಅದರ ಗೇರ್‌ಬಾಕ್ಸ್ ಕೈಕೊಟ್ಟಿತು. ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಗುಜರಿಯಿಂದ ಹಳೆಯದೊಂದನ್ನು ಹೊತ್ತು ತಂದಿದ್ದಾನೆ. ಅಲ್ಲಿಯವರೆಗೆ ರೋಗಿಗಳನ್ನು ಅವರಿವರ ಗಾಡಿಗೆ ಹತ್ತಿಸಿ ದಿನ ನೂಕುತ್ತಿದ್ದಾನೆ. ಮುದುಕ ದರ್ಜಿಯೊಬ್ಬರಿಗೆ ಗಾಡಿ ಸಿಗದೆ ಒಂದು ಸರದಿ ತಪ್ಪಿಯೂ ಹೋಗಿದೆ.

“ಹಾಗೇ ಕೂರಿಸಿಬಿಡಿ ಅಕ್ಕಾ. ಇವತ್ತು ಸಾಯಂಕಾಲದೊಳಗೆ ಆಗುತ್ತೆ.”

“ಆಗುತ್ತೆ. ಆದರೆ ಮಾಡೋದಿಲ್ಲ,” ಎಂದು ಅವರು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಇವರನ್ನು ಊರೆಲ್ಲ ‘ಪೆಟ್ಟಿಗೆ ಅಕ್ಕ’ ಎಂದೇ ಕರೆಯುತ್ತದೆ. ಕ್ಲಚ್ ಇಲ್ಲದ, ಗೇರು ತಾನಾಗಿಯೇ ಬದಲಾಗುವ ಆಟೊಮ್ಯಾಟಿಕ್ ಗಾಡಿಗಳ ಗೇರ್‌ಬಾಕ್ಸುಗಳನ್ನು, ಅದರಲ್ಲೂ ಒಂದು ಗಾಡಿಯಿಂದ ಕಳಚಿ ಇನ್ನೊಂದಕ್ಕೆ ಹೋಗುವ ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುವುದು ಇವರ ಕಸುಬು. ಬೀದಿಗೆ ಮುಖ ಮಾಡಿದ ಬೋರ್ಡಿಲ್ಲ. ಗ್ಯಾರೇಜಿನವರು ತಲೆ ಕೆರೆದುಕೊಂಡು ಕೈಚೆಲ್ಲಿದ ಮೇಲೆ ಪಕ್ಕದ ಓಣಿ ತೋರಿಸುತ್ತಾರೆ, ಅಷ್ಟೇ. ತಿಂಗಳಿಗೆ ಮೂರು, ಹೆಚ್ಚೆಂದರೆ ನಾಲ್ಕು ಪೆಟ್ಟಿಗೆ. ಒಂದೊಂದರಲ್ಲೂ ದೊಡ್ಡದು ಚಿಕ್ಕದು ಸೇರಿ ಎಂಟುನೂರರ ಮೇಲೆ ಬಿಡಿಭಾಗ, ಒಂಬತ್ತು ಲೀಟರ್ ಎಣ್ಣೆ. ಬೆಳಗ್ಗೆ ಐದಕ್ಕೆ ಒರೆಸುವುದರಿಂದ ಶುರುವಾದ ಕೆಲಸ ಬೆಳಕು ಇಳಿಯುವ ಹೊತ್ತಿಗೆ ನಿಲ್ಲುತ್ತದೆ. ದೀಪದ ಬೆಳಕಲ್ಲಿ ಕೂದಲೆಳೆಯಷ್ಟು ಸೀಳು ಕಾಣುವುದಿಲ್ಲ ಎಂಬುದು ಅವರ ಲೆಕ್ಕ.

“ಸವೆದಿದ್ದನ್ನ ಬದಲಾಯಿಸೋದು ಕಷ್ಟ ಅಲ್ಲ,” ಎನ್ನುತ್ತಾರೆ. “ಸವೆತ ಸುಳ್ಳು ಹೇಳೋದಿಲ್ಲ, ಎದುರಿಗೇ ಕಾಣುತ್ತೆ. ಕಷ್ಟ ಯಾವುದು ಅಂದರೆ, ಹಿಂದೆ ಯಾರೋ ಏನೋ ಬದಲಾಯಿಸಿರ್ತಾರೆ ನೋಡಿ, ಅದು. ಒಂದು ತೂತು ದೊಡ್ಡದು ಮಾಡಿರ್ತಾರೆ, ಒಂದು ಸ್ಪ್ರಿಂಗ್ ಬೇರೆ ಹಾಕಿರ್ತಾರೆ. ಅವರ ಗಾಡಿಗೆ ಅದು ಸರಿಯಾಗಿರುತ್ತೆ. ಆಮೇಲೆ ಪೆಟ್ಟಿಗೆ ಬೇರೆ ಗಾಡಿಗೆ ಹೋಗುತ್ತೆ, ಅವರು ಎಲ್ಲಿಗೋ ಹೋಗಿರ್ತಾರೆ. ಹತ್ತು ಪೆಟ್ಟಿಗೆ ಬಿಚ್ಚಿದರೆ ನಾಲ್ಕರಲ್ಲಿ ಇಂಥದ್ದು ಏನಾದರೂ ಇದ್ದೇ ಇರುತ್ತೆ.”

ತಳದ ತಟ್ಟೆ ಕಳಚಿದೆ. ಅಕ್ಕ ಎಣ್ಣೆಗೆ ಬೆರಳದ್ದಿ ಹೆಬ್ಬೆರಳಿನಿಂದ ಉಜ್ಜುತ್ತಾರೆ, ಮೂಸುತ್ತಾರೆ. ಸುಟ್ಟ ವಾಸನೆಯಿಲ್ಲ. ತಟ್ಟೆಯ ಮೂಲೆಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಹುಡಿ ಅಂಟಿದೆ, ಚೂರುಗಳಿಲ್ಲ. ಚಾಲಕನ ಮುಖ ಅರಳುತ್ತದೆ. ಅಕ್ಕ ಮಾತ್ರ ಬಗ್ಗಿಯೇ ಇದ್ದಾರೆ. ಎಣ್ಣೆಗೆ ದಾರಿ ತೋರುವ ಅಲ್ಯೂಮಿನಿಯಂ ಹಲಗೆಯನ್ನು ಹೊರತೆಗೆದು ಎರಡು ಹೋಳು ಮಾಡುತ್ತಾರೆ. ಒಳಗೆ ಇರುವೆ ಗೂಡನ್ನು ಸೀಳಿದ ಹಾಗೆ ಕಾಲುವೆಗಳು. ಅವುಗಳ ತಿರುವಿನಲ್ಲಿ ಕೊತ್ತಂಬರಿ ಕಾಳಿನಷ್ಟು ದಪ್ಪದ ಉಕ್ಕಿನ ಗುಂಡುಗಳು ಕೂತಿರಬೇಕು. ಏಳು ಗುಳಿಯಿದೆ, ಗುಂಡು ಆರೇ ಇದೆ. ಎರಡು ಹೋಳುಗಳ ನಡುವಿನ ತಗಡಿನಲ್ಲಿ ಒಂದು ತೂತು ಇರಬೇಕಾದದ್ದಕ್ಕಿಂತ ದೊಡ್ಡದು. ಡ್ರಿಲ್ಲಿನ ಕಡ್ಡಿಗಳನ್ನು ಒಂದರ ನಂತರ ಒಂದು ತೂರಿಸಿ ಅಳೆಯುತ್ತಾರೆ. ಸರಿಯಾಗಿ ಕೂರಬೇಕಿದ್ದ ಒಂದೂವರೆ ಮಿಲಿಮೀಟರಿನದು ಲೊಳಲೊಳ ಆಡುತ್ತದೆ. ಎರಡೂವರೆಯದು ಹಿತವಾಗಿ ಕೂರುತ್ತದೆ.

“ಯಾರೋ ಇದನ್ನ ಭಾರ ಎಳೆಯೋ ಗಾಡಿಗೆ ತಯಾರು ಮಾಡಿದಾರೆ. ಗೇರು ಬಿದ್ದಾಗಲೆಲ್ಲ ಹಿಂದಿನಿಂದ ಗುದ್ದಿದ ಹಾಗೆ ಬೀಳಬೇಕು, ಜಾರಬಾರದು ಅಂತ. ಕೆಲಸ ಚೊಕ್ಕವಾಗಿದೆ. ಬಲ್ಲವರು ಮಾಡಿದ್ದು,” ಎಂದು ತೂತನ್ನು ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಚಾಲಕನ ಕಡೆ ತಿರುಗಿ, “ಸೂಜಿ ಚುಚ್ಚಿಸಿಕೊಂಡು ಬಂದ ತೋಳು ಹಿಡ್ಕೊಂಡು ಕೂತಿರ್ತಾರಲ್ಲಪ್ಪ ನಿನ್ನ ಜನ. ದಾರಿಯುದ್ದಕ್ಕೂ ಅವರಿಗೆ ಗುದ್ದಿಸ್ತೀಯಾ?”

ಅವನು ತಲೆ ತಗ್ಗಿಸುತ್ತಾನೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಎಣ್ಣೆಯ ಒತ್ತಡ ನೋಡಿಕೊಳ್ಳುವ ಸ್ಪ್ರಿಂಗಿನ ಹಿಂದೆ ತೆಳ್ಳನೆಯ ವಾಷರೊಂದು ಸಿಗುತ್ತದೆ. ಯಾವ ಕಂಪನಿಯವರೂ ಅಲ್ಲಿ ಅದನ್ನು ಹಾಕುವುದಿಲ್ಲ. ಯಾಕಿದೆ ಎಂದು ಅಕ್ಕನಿಗೂ ಗೊತ್ತಿಲ್ಲ. ಗುಜರಿಗೆ ಫೋನ್ ಮಾಡುತ್ತಾರೆ. ಯಾವ ಗಾಡಿಯದೆಂದು ಗುಜರಿಯವನಿಗೇ ನೆನಪಿಲ್ಲ. ಅವರು ವಾಷರನ್ನು ಶೆಡ್ಡಿನ ಬಾಗಿಲಿಗೆ ಒಯ್ದು ಬೆಳಕಿನಲ್ಲಿ ತಿರುಗಿಸಿ ನೋಡುತ್ತಾರೆ.

“ಯಾಕೆ ಹಾಕಿದಾರೆ ಅಂತ ಗೊತ್ತಾಗದೆ ತೆಗೆಯೋ ಹಾಗಿಲ್ಲ. ಗೊತ್ತಾಗದೆ ಬಿಡೋ ಹಾಗೂ ಇಲ್ಲ,” ಎನ್ನುತ್ತಾರೆ. ಈ ಮಾತನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಈ ಶೆಡ್ಡು ಅವರ ಗಂಡನದಾಗಿತ್ತು. ಮದುವೆಯಾಗಿ ನಾಲ್ಕು ವರ್ಷ. ಗಂಡ ಗಾಡಿಗಳ ಕೆಳಗೆ ಮಲಗಿರುತ್ತಿದ್ದರು. ಇವರು ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿಡುತ್ತಿದ್ದರು. ಹೆಸರು ಗೊತ್ತಿಲ್ಲದಿದ್ದರೂ ಯಾವುದರ ಪಕ್ಕ ಯಾವುದು ಎಂದು ಕೈಗೆ ಗೊತ್ತಿತ್ತು. ಸಂಜೆ ಖಾಲಿ ರಸ್ತೆಯಲ್ಲಿ ಗಂಡ ಇವರಿಗೆ ಗಾಡಿ ಬಿಡುವುದನ್ನು ಕಲಿಸುತ್ತಿದ್ದರು. “ನಾನು ಮುಂದೆ ಕೂತರೆ ಅವರಿಗೆ ಕೊಂಬು ಬಂದ ಹಾಗೆ. ಓಣಿಯವರೆಲ್ಲ ನೋಡಲಿ ಅಂತ ಸುಮ್ಮಸುಮ್ಮನೆ ಹಾರನ್ ಹೊಡೆಸೋರು,” ಎಂದು ಈಗಲೂ ಒಂದು ಕ್ಷಣ ನಗುತ್ತಾರೆ.

ಒಂದು ಬೆಳಗ್ಗೆ ಗಿರಾಕಿಯ ವ್ಯಾನೊಂದಕ್ಕೆ ಗುಜರಿಯ ಗೇರ್‌ಬಾಕ್ಸ್ ಕೂರಿಸಿಯಾಗಿತ್ತು. ಗಿರಾಕಿ ಅವಸರದಲ್ಲಿದ್ದ. ಪೆಟ್ಟಿಗೆ ನೋಡಲು ಚೆನ್ನಾಗಿತ್ತು, ಗಂಡ ಅದನ್ನು ಬಿಚ್ಚಿ ನೋಡಲಿಲ್ಲ. ಓಡಿಸಿ ನೋಡೋಣವೆಂದು ಹೊರಟರು. ಇವರು ಸ್ಟಿಯರಿಂಗ್ ಹಿಡಿದಿದ್ದರು. ವ್ಯಾನು ಗೇಟು ದಾಟಿ ಬೀದಿಗೆ ಬಂತು. “ಪಿಗೆ ಹಾಕ್ಕೊಂಡು ಕೂತಿರು, ಗೇಟ್ ಹಾಕಿ ಬಂದೆ,” ಎಂದು ಗಂಡ ಇಳಿದರು. ಪಿ ಎಂದರೆ ಗಾಡಿ ಅಲ್ಲಾಡದೆ ನಿಲ್ಲುವ ಜಾಗ. ಅದರ ಪಕ್ಕದ್ದೇ ಆರ್, ಹಿಂದಕ್ಕೆ ಹೋಗುವ ಗೇರು. ಇವರು ಪಿಗೆ ಹಾಕಿದರು. ಎಂಜಿನ್ ಓಡುತ್ತಿತ್ತು. ಬ್ರೇಕಿನ ಮೇಲಿನಿಂದ ಕಾಲು ತೆಗೆದರು.

“ಜಡೆ ಬಿಚ್ಚಿಹೋಗಿತ್ತು. ಎರಡೂ ಕೈ ಹಿಂದೆ ಮಾಡಿ ಹೆಣೀತಾ ಇದ್ದೆ. ಟಕ್ ಅಂತ ಒಂದು ಸದ್ದಾಯ್ತು. ಲಿವರ್ ತಾನೇ ಬಿತ್ತು. ನಾನು ಮುಟ್ಟಲಿಲ್ಲ. ನನ್ನ ಎರಡು ಕೈಯೂ ಜಡೇಲಿತ್ತು.”

ವ್ಯಾನು ಹಿಂದಕ್ಕೆ ಹೋದದ್ದು ಎಂಟಡಿ. ಗೇಟಿನ ಕಲ್ಲಿನ ಕಂಬಕ್ಕೂ ವ್ಯಾನಿಗೂ ನಡುವೆ ಗಂಡ ಇದ್ದರು.

ಗಾಬರಿಯಲ್ಲಿ ಹೆಂಗಸು ಪಿ ಬದಲು ಆರ್‌ಗೆ ಹಾಕಿದಳು ಎಂದು ಪೊಲೀಸರು ಬರೆದುಕೊಂಡು ಹೋದರು. ಆಕಸ್ಮಿಕವೆಂದು ಬಿಟ್ಟುಬಿಟ್ಟರು. ಓಣಿ ಬಿಡಲಿಲ್ಲ. ಹೆಂಡತಿ ಕೈಗೆ ಗಾಡಿ ಕೊಟ್ಟು ಹೋದ ಎಂಬ ಮಾತು ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಬೆನ್ನ ಹಿಂದೆ, ಒಮ್ಮೊಮ್ಮೆ ಮುಖದೆದುರಿಗೇ ಬಂತು. ಮನೆಯಲ್ಲಿ ಉಳಿದವರು ಇಬ್ಬರೇ, ಇವರು ಮತ್ತು ಗಂಡನ ತಾಯಿ. ಒಬ್ಬನೇ ಮಗನನ್ನು ಕಳೆದುಕೊಂಡ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು.

ಅತ್ತೆಗೆ ಈಗ ಎಂಬತ್ತೊಂದು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿರುವ ಅವರು ಏನನ್ನೂ ಮುಚ್ಚಿಡುವುದಿಲ್ಲ. “ಮೂರು ವರ್ಷ ಇವಳ ಕೈಯಿಂದ ಒಂದು ಲೋಟ ನೀರು ಕುಡೀಲಿಲ್ಲ ನಾನು. ಇವಳು ಇಟ್ಟು ಹೋಗೋಳು. ನಾನು ಚೆಲ್ಲಿ, ಎದ್ದು ಹೋಗಿ, ಬೇರೆ ತಗೊಂಡು ಕುಡೀತಿದ್ದೆ. ಇವಳೂ ದಿನಾ ಇಡೋದು ಬಿಡಲಿಲ್ಲ, ನಾನೂ ಚೆಲ್ಲೋದು ಬಿಡಲಿಲ್ಲ.”

ವ್ಯಾನಿನ ಮಾಲೀಕ ಆ ಪೆಟ್ಟಿಗೆ ತನಗೆ ಬೇಡವೇ ಬೇಡವೆಂದು ಕಳಚಿಸಿ ಇಲ್ಲಿಗೇ ತಂದುಹಾಕಿದ. ಅದು ಗೋಣಿಚೀಲದ ಕೆಳಗೆ ಹನ್ನೊಂದು ತಿಂಗಳು ಬಿದ್ದಿತ್ತು. ಹೊಟ್ಟೆಪಾಡಿಗೆ ಇವರು ಬೇರೊಂದು ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕೆ ಸೇರಿದರು. ಹೋಗುವಾಗ ಬರುವಾಗ ಆ ಚೀಲ ಕಣ್ಣಿಗೆ ಬೀಳುತ್ತಿತ್ತು.

“ಎಲ್ಲರೂ ಹೇಳಿ ಹೇಳಿ ನನಗೇ ಅನುಮಾನ ಬಂತು. ಜಡೆ ಹಾಕ್ಕೊಂಡಿದ್ದು ಅದಕ್ಕಿಂತ ಮುಂಚೆನಾ? ನಾನೇ ಕನಸು ಕಂಡೆನಾ? ಹುಚ್ಚು ಹಿಡಿಯೋ ಹಾಗಾಯ್ತು. ಒಂದು ದಿನ ಚೀಲ ತೆಗೆದೆ.”

ಬಿಚ್ಚಿ ಅರ್ಥ ಮಾಡಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಹೇಳಿಕೊಡುವವರು ಯಾರೂ ಇರಲಿಲ್ಲ. ಲಿವರ್‌ಗೆ ಸೇರಿಕೊಂಡು, ಪೆಟ್ಟಿಗೆಯೊಳಗೆ, ಬಾಚಣಿಗೆಯ ಹಾಗೆ ಹಲ್ಲುಗಳಿರುವ ಉಕ್ಕಿನ ತಗಡೊಂದಿರುತ್ತದೆ. ಹಲ್ಲುಗಳ ನಡುವಿನ ಗುಳಿಯಲ್ಲಿ ಸ್ಪ್ರಿಂಗಿನ ತುದಿಯ ಸಣ್ಣ ಉರುಳೆ ಕೂರುತ್ತದೆ. ಪಿಗೆ ಒಂದು ಗುಳಿ, ಆರ್‌ಗೆ ಒಂದು, ಹೀಗೆ. ಲಿವರ್ ಇಟ್ಟಲ್ಲೇ ನಿಲ್ಲುವುದು ಆ ಗುಳಿಯ ಆಳದಿಂದ. ಇವರು ಗುಜರಿಯಿಂದ ಅಂಥದ್ದೇ ಇನ್ನೊಂದು ತಗಡು ತಂದು ಪಕ್ಕದಲ್ಲಿಟ್ಟರು. ಅದರಲ್ಲಿ ಹಲ್ಲು ಹರಿತವಾಗಿತ್ತು. ಇದರಲ್ಲಿ ಯಾರೋ ಅರದಿಂದ ಉಜ್ಜಿ ಉಜ್ಜಿ ಹಲ್ಲಿನ ತಲೆ ತಗ್ಗಿಸಿದ್ದರು. ಪಿಗೂ ಆರ್‌ಗೂ ನಡುವೆ ಗುಡ್ಡವಿರಬೇಕಾದಲ್ಲಿ ಬರೀ ದಿಬ್ಬವಿತ್ತು. ಓಡುವ ಎಂಜಿನ್ನಿನ ಅದುರಾಟಕ್ಕೆ ಉರುಳೆ ಆ ದಿಬ್ಬ ದಾಟಿ ಆರ್‌ನ ಗುಳಿಗೆ ಉರುಳಿಬಿಟ್ಟಿತ್ತು.

ಆ ತಗಡನ್ನು ಅತ್ತೆಯ ಮುಂದಿಟ್ಟರು. ಅತ್ತೆ ಮುಖ ತಿರುಗಿಸಿದರು. “ಕಬ್ಬಿಣದ ತುಂಡು, ಯಾರು ಏನು ಹೇಳಿಸಿದರೂ ಹೇಳುತ್ತೆ ಅಂದ್ಕೊಂಡೆ,” ಎಂದು ಆ ತಾಯಿ ಬೆಳ್ಳುಳ್ಳಿಯ ಸಿಪ್ಪೆ ಊದುತ್ತಾರೆ.

ಉಜ್ಜಿದ ಕೈ ಯಾವುದು? ಅದನ್ನು ಹುಡುಕಲು ಇನ್ನೊಂದೂವರೆ ವರ್ಷ. ಗುಜರಿಯವನು ಮೊದಮೊದಲು ಬಾಗಿಲಿಂದಲೇ ಓಡಿಸಿದ. ಇವರು ವಾರಕ್ಕೊಮ್ಮೆ ಹೋಗಿ ನಿಲ್ಲುತ್ತಿದ್ದರು. ಬೇಸತ್ತು ಕೊನೆಗೆ ಹಳೆಯ ಪುಸ್ತಕ ತೆಗೆದ. ಪೆಟ್ಟಿಗೆಯ ಮೇಲಿನ ನಂಬರಿಗೆ ಸರಿಹೊಂದಿದ್ದು ಒಂದು ಪುಟ್ಟ ಬಿಳಿ ಕಾರು. ಅದರ ಒಡತಿ ಟೈಪಿಂಗ್ ಕಲಿಸುತ್ತಿದ್ದ ನಿವೃತ್ತ ಟೀಚರ್. ಹಾಸಿಗೆ ಹಿಡಿದಿದ್ದ ಆ ಮುದುಕಿಯ ಬೆರಳುಗಳು ಶುಂಠಿಯ ಗಂಟಿನಂತೆ ತಿರುಚಿಕೊಂಡಿದ್ದವು. ಲಿವರ್ ಬಿಗಿಯಿತ್ತು, ಕೈಯಲ್ಲಿ ಆಗುತ್ತಿರಲಿಲ್ಲ, ಮೇಸ್ತ್ರಿ ಬೆಣ್ಣೆಯ ಹಾಗೆ ಮಾಡಿಕೊಟ್ಟ, ಅವನಿಂದಾಗಿ ಎಂಟು ವರ್ಷ ಯಾರ ಹಂಗೂ ಇಲ್ಲದೆ ಓಡಾಡಿದೆ, ಅವನ ಹೊಟ್ಟೆ ತಣ್ಣಗಿರಲಿ ಎಂದು ಅವರು ಮೇಸ್ತ್ರಿಯನ್ನು ಹರಸಿದರು.

“ದಾರಿಯುದ್ದಕ್ಕೂ ಬೈಗುಳ ಪೋಣಿಸಿಕೊಂಡು ಆ ಮೇಸ್ತ್ರಿ ಗ್ಯಾರೇಜಿಗೆ ಹೋದೆ,” ಎನ್ನುತ್ತಾರೆ ಅಕ್ಕ. ಮೇಸ್ತ್ರಿಗೆ ಆಗ ಅರವತ್ತೈದು ದಾಟಿತ್ತು. ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಇವರು ಬಟ್ಟೆಯಲ್ಲಿ ಸುತ್ತಿ ತಂದಿದ್ದ ತಗಡನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಸ್ತ್ರಿ ಕನ್ನಡಕ ಏರಿಸಿ ನೋಡಿದರು, ಮುಖ ಅರಳಿತು.

“ಅರೇ, ಇದು ನನ್ನ ಕೆಲಸ ಕಣಮ್ಮ! ಟೀಚರಮ್ಮನ ಕಾರಿನದು. ಇನ್ನೂ ಬೆಣ್ಣೆ ಹಾಗೇ ಹೋಗುತ್ತಾ?”

“ಆ ನಗು ನೋಡಿ ನನ್ನ ಬೈಗುಳ ಎಲ್ಲ ಎಲ್ಲಿ ಹೋಯ್ತೋ. ನಾಲ್ಕೇ ಮಾತಲ್ಲಿ ಆಗಿದ್ದು ಹೇಳಿದೆ. ಅವರು ಎದ್ದು ಹೋಗಿ ರೇಡಿಯೋ ಆರಿಸಿ ಬಂದು ಕೂತರು. ಇನ್ನೊಂದು ಸಲ ಹೇಳಮ್ಮ ಅಂದರು. ಇನ್ನೊಂದು ಸಲ ಹೇಳಿದೆ. ಕ್ಷಮಿಸು ಅಂತ ಏನೂ ಕೇಳಲಿಲ್ಲ. ಮನೆ ಎಲ್ಲಿ ಅಂತ ಮಾತ್ರ ಕೇಳಿದರು.”

ಮೂರನೆಯ ದಿನ ಮೇಸ್ತ್ರಿ ಬಂದರು. ಗೇಟಿನ ಕಂಬದ ಹತ್ತಿರ ಚಪ್ಪಲಿ ಬಿಟ್ಟು, ಒಳಗೆ ಬಂದು, ಅತ್ತೆಯ ಎದುರು ನೆಲದ ಮೇಲೆ ಕೂತರು. “ತಾಯೀ, ನಿಮ್ಮ ಸೊಸೆ ಕೈ ಅಲ್ಲ. ನನ್ನ ಕೈ,” ಎಂದು ಎರಡೂ ಕೈ ಮುಂದೆ ಚಾಚಿದರು.

ಅತ್ತೆ ಆ ಕೈಗಳನ್ನು ನೋಡುತ್ತ ಕೂತರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಮೂರು ವರ್ಷದಲ್ಲಿ ಮೊದಲ ಸಲ ಸೊಸೆಯ ಜೊತೆ ಮಾತಾಡಿದರು. “ಅವರಿಗೆ ನೀರು ಕೊಡು. ನನಗೂ ಒಂದು ಲೋಟ ತಗೊಂಡು ಬಾ.”

ಈಗ ಪೂರ್ತಿ ನಂಬಿದ್ದೀರಾ ಎಂದು ಅತ್ತೆಯನ್ನು ಕೇಳಿದರೆ, “ನಂಬಿದೀನಿ,” ಎನ್ನುತ್ತಾರೆ. ಒಂದು ಎಸಳು ಸುಲಿದು ತಟ್ಟೆಗೆ ಹಾಕುತ್ತಾರೆ. “ದಿನದಲ್ಲಿ ಹೆಚ್ಚು ಹೊತ್ತು ನಂಬಿರ್ತೀನಿ.” ಒಳಗಿರುವ ಸೊಸೆಗೆ ಇದು ಕೇಳಿಸುತ್ತದೆ. ಅವರು ಬೇಸರ ಪಟ್ಟುಕೊಂಡಂತೆ ಕಾಣುವುದಿಲ್ಲ. “ನಾನೂ ಅಷ್ಟೇ,” ಎನ್ನುತ್ತಾರೆ. “ಹ್ಯಾಂಡ್‌ಬ್ರೇಕ್ ಎಳೆದಿರಲಿಲ್ಲವಲ್ಲ. ಎಳೆದಿದ್ದರೆ ಅವರು ಇರೋರು. ಯಾವ ತಗಡು ತೋರಿಸಿದರೂ ಅದು ಹೋಗೋದಿಲ್ಲ.”

ಮೇಸ್ತ್ರಿ ಅಲ್ಲಿಂದಾಚೆ ಗೇರ್‌ಬಾಕ್ಸ್ ಮುಟ್ಟಲಿಲ್ಲ. ಅಂಗಡಿಯ ಸಾಮಾನನ್ನೆಲ್ಲ ಗಾಡಿಗೆ ಹೇರಿಸಿ ಈ ಶೆಡ್ಡಿಗೆ ಕಳಿಸಿದರು. ಕಲಿಯುವ ಮನಸ್ಸಿದ್ದರೆ ಹೇಳಿಕೊಡುತ್ತೇನೆ ಎಂದರು. ಐದು ವರ್ಷ ವಾರಕ್ಕೆರಡು ದಿನ ಬರುತ್ತಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಬರೀ ಬಾಯಲ್ಲಿ ಹೇಳಿ ಕಲಿಸಿದರು. ಬೋಲ್ಟು ಜಾರಿ ನೆಲಕ್ಕೆ ಬಿದ್ದರೂ ಬಗ್ಗಿ ಎತ್ತಿಕೊಡುತ್ತಿರಲಿಲ್ಲ. ಆರನೆಯ ವರ್ಷ ಉಸಿರಾಟದ ತೊಂದರೆಯಿಂದ ತೀರಿಕೊಂಡರು. “ಒಳ್ಳೇ ಕೆಲಸಗಾರರು. ನನ್ನ ಗಂಡನೂ ಒಳ್ಳೇ ಕೆಲಸಗಾರರೇ. ಉಜ್ಜಿದ್ದು ಒಂದು ಕೈ, ಮಾರಿದ್ದು ಒಂದು, ಬಿಚ್ಚದೆ ಕೂರಿಸಿದ್ದು ಒಂದು, ಬ್ರೇಕ್ ಎಳೆಯದೆ ಕೂತಿದ್ದು ಒಂದು. ನಾಲ್ಕು ಕೈ. ಒಂದೂ ಕೆಟ್ಟ ಕೈ ಅಲ್ಲ. ಅದಕ್ಕೇ ನನಗೆ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.”

ಎರಡನೆಯ ದಿನ ಬೆಳಗ್ಗೆ ವಾಷರಿನ ಗುಟ್ಟು ಬಯಲಾಗುತ್ತದೆ. ಅಕ್ಕ ಎಣ್ಣೆ ಎತ್ತುವ ಪಂಪನ್ನು ಬಿಚ್ಚಿ, ಅದರ ಹಲ್ಲುಚಕ್ರದ ಪಕ್ಕ ತೆಳ್ಳನೆಯ ಅಳತೆಪಟ್ಟಿ ತೂರಿಸುತ್ತಾರೆ. ಹೋಗಬಾರದಷ್ಟು ದಪ್ಪದ ಪಟ್ಟಿ ಸಲೀಸಾಗಿ ಹೋಗುತ್ತದೆ. ಪಂಪು ಸವೆದು ಒತ್ತಡ ಇಳಿದಿತ್ತು. ಸವೆತ ಸರಿಮಾಡುವ ಬದಲು ಯಾರೋ ಸ್ಪ್ರಿಂಗಿನ ಹಿಂದೆ ವಾಷರು ತುರುಕಿ ಒತ್ತಡವನ್ನು ಮೇಲಕ್ಕೆ ಎತ್ತಿ ನಿಲ್ಲಿಸಿದ್ದರು. ಕಾಯಿಲೆ ಹಾಗೇ ಇತ್ತು, ಲಕ್ಷಣ ಮಾತ್ರ ಮರೆಯಾಗಿತ್ತು. ನಿನ್ನೆ ವಾಷರು ತೆಗೆದು ಹಾಗೇ ಮುಚ್ಚಿದ್ದರೆ ವ್ಯಾನು ಮೊದಲ ಏರಿನಲ್ಲೇ ನೆಲ ಕಚ್ಚುತ್ತಿತ್ತು. ವಾಷರು ಬಿಟ್ಟು ಮುಚ್ಚಿದ್ದರೆ ಪಂಪು ಪೂರ್ತಿ ಸೋಲುವವರೆಗೆ ಓಡಿ, ಯಾವತ್ತೋ ರೋಗಿಗಳ ಸಮೇತ ನಡುದಾರಿಯಲ್ಲಿ ನಿಲ್ಲುತ್ತಿತ್ತು.

ಅಕ್ಕನ ಬಳಿ ಕೆಟ್ಟುಹೋದ ಅದೇ ಜಾತಿಯ ಪೆಟ್ಟಿಗೆಯೊಂದಿದೆ. ಅದರ ಪಂಪು ಗಟ್ಟಿಮುಟ್ಟಾಗಿದೆ. ಅದನ್ನು ಕಳಚಿ ತೊಳೆಯುತ್ತಿರುವಾಗಲೇ ಚಾಲಕನ ಫೋನ್ ಗುಂಯ್‌ಗುಟ್ಟುತ್ತದೆ. ಸರದಿ ತಪ್ಪಿದ್ದ ಮುದುಕ ದರ್ಜಿಗೆ ಉಸಿರು ಕಟ್ಟಿ ಬೆಳಗಿನ ಜಾವ ಆಸ್ಪತ್ರೆಗೆ ಸೇರಿಸಿದ್ದಾರೆ. ಕಾಲು ಬಾತು, ಎದೆಯಲ್ಲಿ ನೀರು ತುಂಬಿದೆ.

ಚಾಲಕ ಫೋನನ್ನು ಜೇಬಿಗಿಡುವುದನ್ನೂ ಮರೆತು ನಿಲ್ಲುತ್ತಾನೆ. “ನಿನ್ನೆನೇ ಕೂರಿಸಿದ್ದರೆ ನಿನ್ನೆ ರಾತ್ರಿನೇ ಮೊದಲು ಅವರನ್ನ ಕರ್ಕೊಂಡು ಹೋಗ್ತಿದ್ದೆ,” ಎನ್ನುತ್ತಾನೆ. ದನಿ ಏರಿದೆ. “ನಿಮಗೇನು ಅಕ್ಕಾ, ನೀವು ತೂತು ಅಳೀತಾ ಕೂತ್ಕೊಳ್ಳಿ.”

ಅಕ್ಕನ ಕೈ ಒಂದು ಗಳಿಗೆ ಸೀಮೆಎಣ್ಣೆಯಲ್ಲೇ ನಿಲ್ಲುತ್ತದೆ. ಆಮೇಲೆ ಪಂಪಿನ ಚಕ್ರವನ್ನು ಎತ್ತಿ ಬಟ್ಟೆಯ ಮೇಲಿಟ್ಟು ಒರೆಸತೊಡಗುತ್ತಾರೆ. ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಅತ್ತೆ ತಟ್ಟೆ ತಂದು ಮೇಜಿನ ತುದಿಗಿಟ್ಟು ಹೋದರು. ಅದು ಹಾಗೇ ಆರಿತು.

ಕಾಣೆಯಾಗಿದ್ದ ಏಳನೆಯ ಗುಂಡನ್ನು ತುಂಬಿದ್ದಾಯಿತು. ತೂತು ದೊಡ್ಡದಾಗಿದ್ದ ತಗಡಿನ ಬದಲು ಬೇರೆ ತಗಡು ಬಂತು. ವಾಷರು ಹೊರಗೆ ಬಂತು. ಲಿವರನ್ನು ಹಿಡಿದು ನಿಲ್ಲಿಸುವ ಬಾಚಣಿಗೆ ತಗಡಿನ ಹಲ್ಲನ್ನು, ಅದರಲ್ಲಿ ಯಾವ ದೋಷವಿಲ್ಲದಿದ್ದರೂ, ಭೂತಗನ್ನಡಿ ಹಿಡಿದು ಎರಡು ಸಲ ನೋಡಿದರು. ಮೂರನೆಯ ದಿನ ಬೆಳಗ್ಗೆ ಪಕ್ಕದ ಗ್ಯಾರೇಜಿನ ಇಬ್ಬರು ಬಂದು ಪೆಟ್ಟಿಗೆಯನ್ನು ವ್ಯಾನಿನ ಹೊಟ್ಟೆಗೆ ಏರಿಸಿಕೊಟ್ಟರು.

ಓಡಿಸಿ ನೋಡುವಾಗ ಚಾಲಕ ಸ್ಟಿಯರಿಂಗ್ ಹಿಡಿದಿದ್ದಾನೆ. ಇಪ್ಪತ್ತೆರಡು ವರ್ಷದಿಂದ ಅಕ್ಕ ಆ ಜಾಗದಲ್ಲಿ ಕೂತಿಲ್ಲ. ಅವರು ಹಿಂದೆ, ರೋಗಿಗಳು ಕೂರುವ ಸೀಟಿನಲ್ಲಿ, ಕಣ್ಣು ಮುಚ್ಚಿ ಕೂರುತ್ತಾರೆ. ಚಪ್ಪಲಿ ಬಿಟ್ಟ ಪಾದ ನೆಲಕ್ಕೆ ಒತ್ತಿದೆ, ಮೈಯೆಲ್ಲ ಕಿವಿ. ಒಂದು, ಎರಡು ಎಂದು ಬಾಯಲ್ಲೇ ಎಣಿಸುತ್ತಾರೆ.

“ಮೂರನೇದು ಬಿತ್ತು. ಗೊತ್ತಾಯ್ತಾ?”

“ಇಲ್ಲಕ್ಕಾ. ಬಿತ್ತಾ?”

“ಬಿತ್ತು,” ಎಂದು ಅವರು ಕಣ್ಣು ತೆರೆಯುತ್ತಾರೆ. ಸಿಗ್ನಲ್ಲಿನಲ್ಲಿ ಚಾಲಕ ಲಿವರನ್ನು ಪಿಗೆ ಹಾಕಿ ಕೈ ಬಿಟ್ಟ ತಕ್ಷಣ ಹಿಂದಿನಿಂದ ಒಂದೇ ಮಾತು ಬರುತ್ತದೆ, “ಹ್ಯಾಂಡ್‌ಬ್ರೇಕ್.”

ವಾಪಸು ಬರುವ ದಾರಿಯಲ್ಲಿ ಅಕ್ಕ ವ್ಯಾನನ್ನು ಆಸ್ಪತ್ರೆಯ ಕಡೆ ತಿರುಗಿಸಲು ಹೇಳುತ್ತಾರೆ. ದರ್ಜಿ ಈ ಸಲ ಉಳಿದಿದ್ದಾರೆ. ಮೂಗಿಗೆ ನಳಿಕೆ, ಮಾತಿಲ್ಲ. ಅಕ್ಕ ಮಂಚದ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ತಾನು ಯಾರೆಂದು ಹೇಳಿಕೊಳ್ಳುವುದಿಲ್ಲ. ಬಾಗಿಲಾಚೆ ಚಾಲಕ ತಗ್ಗಿದ ದನಿಯಲ್ಲಿ ಹೇಳುತ್ತಾನೆ, “ನಿನ್ನೆ ನನಗೆ ಅಕ್ಕನ ಮೇಲೆ ಕೋಪ ಬಂದಿದ್ದು ನಿಜ. ಈಗಲೂ ಪೂರ್ತಿ ಹೋಗಿಲ್ಲ. ಆದರೆ ನಾಳೆ ಹನ್ನೊಂದು ಜನರನ್ನ ಹತ್ತಿಸಿಕೊಂಡು ಹೊರಟಾಗ ಎದೆ ಧಸಕ್ ಅನ್ನೋದಿಲ್ಲ ನೋಡಿ, ಅದೂ ನಿಜ.”

ಶೆಡ್ಡಿಗೆ ಮರಳಿದ ಮೇಲೆ ಒಂದು ಕೆಲಸ ಬಾಕಿಯಿದೆ. ಅಕ್ಕ ಚಾಪೆ ಹಾಸಿ ವ್ಯಾನಿನ ಕೆಳಗೆ ತೂರುತ್ತಾರೆ. ಕೈಯಲ್ಲಿ ಲೋಹದ ಮೇಲೆ ಅಕ್ಷರ ಕೊರೆಯುವ ಸಣ್ಣ ಯಂತ್ರ. ಪೆಟ್ಟಿಗೆಯ ಪಕ್ಕೆಯಲ್ಲಿ ತಾರೀಖು ಕೊರೆಯುತ್ತಾರೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಪಂಪು ಬೇರೆಯದು, ತಗಡು ಬೇರೆಯದು, ವಾಷರು ತೆಗೆದಿದೆ, ಯಾಕೆ ತೆಗೆದಿದೆ, ಎಲ್ಲ. ಎಂಟು ಸಾಲು. ಲೋಹದ ಹುಡಿ ಕೂದಲ ಮೇಲೆ ಉದುರುತ್ತದೆ.

ಚಾಲಕ ಬಗ್ಗಿ ನೋಡುತ್ತಾನೆ. “ಅಲ್ಲಿ ಬರೆದರೆ ಯಾರು ಓದ್ತಾರೆ ಅಕ್ಕಾ?”

“ಮುಂದೆ ಬಿಚ್ಚೋರು.”

“ಯಾರಾದರೂ ಹೀಗೆ ಬರೆದಿದ್ದು ನಿಮಗೆ ಸಿಕ್ಕಿದೆಯಾ?”

ಯಂತ್ರದ ಸದ್ದು ನಿಲ್ಲುತ್ತದೆ. ಅವರು ಹೊರಗೆ ಜರುಗಿ, ಎದ್ದು ಕೂತು, ಕೂದಲಿನ ಹುಡಿ ಕೊಡವಿಕೊಳ್ಳುತ್ತಾರೆ.

“ಆರುನೂರು ಪೆಟ್ಟಿಗೆ ಮೇಲೆ ಬಿಚ್ಚಿದೀನಿ. ಇನ್ನೂ ಒಂದರಲ್ಲೂ ಸಿಕ್ಕಿಲ್ಲ,” ಎನ್ನುತ್ತಾರೆ. “ನನಗೆ ದೊಡ್ಡ ಆಸೆ ಏನೂ ಇಲ್ಲಪ್ಪ. ಒಂದು ದಿನ ಯಾವುದೋ ಪೆಟ್ಟಿಗೆ ಒರೆಸ್ತಾ ಇರಬೇಕಾದರೆ, ಇದನ್ನ ನಾನು ಮಾಡಿದೀನಿ, ಇಂಥದ್ದಕ್ಕೆ ಮಾಡಿದೀನಿ, ನೋಡ್ಕೊಳ್ಳಿ ಅಂತ ಯಾರೋ ಬರೆದಿಟ್ಟಿದ್ದು ಕಾಣಬೇಕು. ನನಗೆ ಗುರುತಿಲ್ಲದವರು. ಅಷ್ಟು ಓದಿಬಿಟ್ಟರೆ ಸಾಕು.”